ಹೊಳೆಯಾಚೆಯ ಕೆಂಡ

ಮಾರ್ಚ್ 3, ಸೋಮವಾರ

ಅಮ್ಮನನ್ನು ವಾರ್ಡಿಗೆ ಸೇರಿಸಿಕೊಂಡರು. ಕಿಟಕಿಯ ಪಕ್ಕದ ಮಂಚ ಸಿಕ್ಕಿತು, ಅಷ್ಟರ ಮಟ್ಟಿಗೆ ಪುಣ್ಯ. ನನಗೆ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ. ಮೂರನೆಯ ಮಹಡಿ. ಒಂದು ಮಂಚ, ಒಂದು ಕುರ್ಚಿ, ಎಷ್ಟು ದೂಡಿದರೂ ಪೂರ್ತಿ ಮುಚ್ಚಿಕೊಳ್ಳದ ಕಿಟಕಿ. ಕೆಳಗೆ ಔಷಧಿ ಅಂಗಡಿ, ಹಣ್ಣಿನ ಗಾಡಿ, ಮತ್ತೆ ಔಷಧಿ ಅಂಗಡಿ.

ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು ಹೇಳಿದರು. ಗಂಟು ಬೆನ್ನುಮೂಳೆಗೆ ಇಳಿದಿದೆಯಂತೆ. “ಕರೆಂಟು, ಅಂದ್ರೆ ರೇಡಿಯೇಶನ್, ಕೊಡೋದು ನೋವು ಕಮ್ಮಿ ಆಗ್ಲಿ ಅಂತ. ವಾಸಿ ಆಗ್ಲಿ ಅಂತಲ್ಲ. ಅವರು ಏನು ಕೇಳ್ತಾರೋ ತಿನ್ನೋಕೆ ಕೊಡಿ. ಪಥ್ಯಗಿಥ್ಯ ಬೇಡ.” ನಾನು ತಲೆಯಾಡಿಸಿದೆ. ಅಂಗಡಿಯಲ್ಲಿ ಗಿರಾಕಿ ಅಳತೆ ಹೇಳುವಾಗ ಆಡಿಸುತ್ತೇನಲ್ಲ, ಹಾಗೆ.

ಒಳಗೆ ಬಂದು, “ಏನು ತಿಂತೀಯಮ್ಮ?” ಎಂದೆ.

“ಕೆಂಡದ ಹಂದಿ,” ಎಂದಳು, ಕೇಳುವುದನ್ನೇ ಕಾಯುತ್ತಿದ್ದವಳ ಹಾಗೆ. “ನಮ್ಮ ಹೊಳೆಯಾಚೆ ಸುಡ್ತಾರಲ್ಲ, ಅದು. ಈ ಊರಲ್ಲಿ ಸಿಗುತ್ತೆ.”

“ಸಿಗುತ್ತೆ ಅಂತ ನಿಂಗ್ಯಾರು ಹೇಳಿದ್ರು?”

“ಸಿಗುತ್ತೆ. ಹುಡುಕು.”

ಅಲ್ಲಿ ಹೊಳೆಯಾಚೆಯ ನಮ್ಮೂರಲ್ಲಿ ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿ ಬಂದಿದ್ದೇನೆ. ಶಾಲೆ ತೆರೆಯುವುದರೊಳಗೆ ಎರಡು ಶಾಲೆಯ ಯೂನಿಫಾರ್ಮು ಮುಗಿಸಬೇಕು. ಇಲ್ಲಿ ನಾನು ಹಂದಿ ಹುಡುಕಬೇಕಂತೆ.

ಮಾರ್ಚ್ 5, ಬುಧವಾರ

ಬಸ್ ನಿಲ್ದಾಣದ ಎದುರು ದೊಡ್ಡ ಬೋರ್ಡು: ‘ಹೊಳೆಯಾಚೆಯ ಅಸಲಿ ಕೆಂಡದ ಹಂದಿ’. ಪಕ್ಕದಲ್ಲಿ ಟೋಪಿ ಹಾಕಿಕೊಂಡು ಹಲ್ಲು ಕಿರಿಯುವ ಹಂದಿಯ ಚಿತ್ರ. ತನ್ನನ್ನೇ ಸುಡುತ್ತಾರೆ ಅನ್ನುವುದು ಅದಕ್ಕೆ ಇನ್ನೂ ಗೊತ್ತಾಗಿಲ್ಲ.

ಒಳಗೆ ತಂಪು, ಗಾಜಿನ ಮೇಜು. ತಟ್ಟೆಯಲ್ಲಿ ಬಂದದ್ದು ಕೆಂಪಗೆ, ಸಿಹಿಯಾಗಿ, ಬೆರಳಿಗೆ ಅಂಟಿಕೊಳ್ಳುತ್ತಿತ್ತು. “ಕೆಂಡ ಎಲ್ಲಿದೆ?” ಎಂದು ಕೇಳಿದೆ. ಸಪ್ಲೈಯರು ಬಹಳ ಮರ್ಯಾದೆಯಿಂದ, “ಒಳಗೆ ಗ್ಯಾಸ್ ಒಲೆ ಮೇಡಂ. ಹೊಗೆ ವಾಸನೆಗೆ ಒಂದು ಎಣ್ಣೆ ಬರುತ್ತೆ, ಅದನ್ನ ಸವರ್ತೀವಿ,” ಎಂದ.

ಆದರೂ ಕಟ್ಟಿಸಿಕೊಂಡು ಹೋದೆ. ಅಮ್ಮ ಒಂದು ಚೂರು ಬಾಯಿಗೆ ಹಾಕಿ, ಮೆಲ್ಲಗೆ ಅಗಿದು, ಕಾಗದದಲ್ಲಿ ಉಗಿದಳು.

“ಇದಲ್ಲ.”

ಮಾರ್ಚ್ 8, ಶನಿವಾರ

ಇವತ್ತು ಹಳೇ ಪೇಟೆಯ ಹತ್ತಿರದ ಹೋಟೆಲು. ಇಲ್ಲಿ ಬೆಂಕಿ ಇತ್ತು ನಿಜ, ಆದರೆ ಉರಿಯ ಮೇಲೆ ಮಾಂಸ ಇಟ್ಟಿದ್ದರು. ಹೊರಗೆ ಕರಕಲು, ಒಳಗೆ ಹಸಿ. ಮೇಲೆ ಮಸಾಲೆಯ ಗಿಲಾವು ಬೇರೆ. ಮಾಲೀಕ ಕೈ ಒರೆಸಿಕೊಳ್ಳುತ್ತ ಬಂದು, ತನ್ನ ಅಜ್ಜಿ ಹೊಳೆಯಾಚೆಯವಳು ಎಂದ. ಈ ಊರಿನಲ್ಲಿ ಎಲ್ಲರ ಅಜ್ಜಿಯೂ ಹೊಳೆಯಾಚೆಯವಳೇ.

ಅಪ್ಪನಿಗೆ ದೋಣಿಗಟ್ಟೆಯ ಪಕ್ಕ ಒಲೆಯಿತ್ತು. ಒಲೆ ಅಂದರೆ ನೆಲದಲ್ಲಿ ತೋಡಿದ ಗುಂಡಿ, ಮೇಲೆ ತಗಡಿನ ಮಾಡು. ಬೆಳಿಗ್ಗೆ ಸೀಬೆ ಸೌದೆ ಉರಿಸಿ, ಉರಿಯೆಲ್ಲ ಸತ್ತು ಕೆಂಡ ಬೂದಿ ಹೊದ್ದ ಮೇಲೇ ಮಾಂಸ ಏರಿಸುವುದು. ಚರ್ಮ ಸಮೇತದ ಭುಜ. ಉಪ್ಪು, ಮೆಣಸು, ಆಗಾಗ ಸವರುವ ಹುಳಿನೀರು, ಅಷ್ಟೇ. ಸಂಜೆಯವರೆಗೆ ಅದರ ಪಾಡಿಗೆ ಅದು ನೆಣ ಕರಗಿಸಿಕೊಂಡು ಕೂತಿರುತ್ತದೆ. ಕೊನೆಯಲ್ಲಿ ಚರ್ಮಕ್ಕೆ ಮಾತ್ರ ಒಂದು ಗಳಿಗೆ ಜೋರು ಉರಿ. ಅಮ್ಮನದು ಹುಳಿನೀರು ಸವರುವ ಕೆಲಸ. ನನ್ನದು ತಟ್ಟೆ ತೊಳೆಯುವ ಕೆಲಸ. ಒಲೆ ಮಾತ್ರ ಆ ಮಹಾನುಭಾವನಿಗೆ, ಅಂದರೆ ನನ್ನ ತಮ್ಮನಿಗೆ. ಗಂಡು ಮಗ.

ಅವನಿಗೆ ಮೇಜು ಕುರ್ಚಿ ಹಾಕಿ ಹೋಟೆಲು ಮಾಡುವ ಆಸೆ. ಅಪ್ಪನಿಗೆ ಅದು ಬೇಡ. ಒಂದು ದಿನ ಗಿರಾಕಿಗಳ ಎದುರಿಗೇ ಮಾತಿಗೆ ಮಾತು ಬೆಳೆದು ಅಪ್ಪ ಕೆನ್ನೆಗೆ ಬಾರಿಸಿದ. ಇವನು ಹೆಗಲ ಮೇಲಿನ ಟವೆಲ್ಲು ತೆಗೆದು ಬೆಂಚಿನ ಮೇಲೆ ಇಟ್ಟು ದೋಣಿ ಹತ್ತಿದ. ಆಯಿತು ಹದಿನಾಲ್ಕು ವರ್ಷ. ಅಪ್ಪ ಸತ್ತಾಗಲೂ ಬರಲಿಲ್ಲ.

ಅಮ್ಮ ತಿಂದು ನೋಡಿ, “ಇದೂ ಅಲ್ಲ. ಇದು ಬೆಂಕಿ ಕಂಡಿದೆ, ಕೆಂಡ ಕಂಡಿಲ್ಲ,” ಎಂದಳು.

ದೊಡ್ಡ ಸಿಸ್ಟರು ವಾರ್ಡಿಗೆ ಬಂದು ಮೂಗು ಅರಳಿಸಿದರು. “ಇದು ಆಸ್ಪತ್ರೆ, ಹೋಟೆಲಲ್ಲ.” ಸ್ವಲ್ಪ ಹೊತ್ತು ಬಿಟ್ಟು ವಾಪಸ್ಸು ಬಂದು, “ಎಲ್ಲಿಂದ ತಂದ್ರಿ?” ಎಂದು ಮೆಲ್ಲಗೆ ಕೇಳಿದರು.

ಮಾರ್ಚ್ 9, ಭಾನುವಾರ

ಅಮ್ಮನಿಗೆ ಇಡೀ ದಿನ ನೋವು. ಗಂಜಿಯೂ ಸೇರಲಿಲ್ಲ. ಸಂಜೆ ಕಣ್ಣು ಬಿಟ್ಟು, “ಇನ್ನೊಂದು ಕಡೆ ನೋಡಿದ್ಯಾ?” ಎಂದಳು.

ಮಾರ್ಚ್ 12, ಬುಧವಾರ

ಬಾಯಿ ಜಾರಿ ಜಗಳವಾಡಿದೆ. ಮತ್ತೆ ಎರಡು ಹೋಟೆಲು ಸುತ್ತಿ, ಬಿಸಿಲಲ್ಲಿ ಬೆಂದು, ಪೊಟ್ಟಣ ಹಿಡಿದು ಬಂದರೆ ಮೂಸಿ ನೋಡಿ, “ಇದಲ್ಲ,” ಎಂದು ಮುಖ ತಿರುಗಿಸಿದಳು.

“ನಿಂಗೆ ಬೇಕಾಗಿರೋದು ಹಂದಿನಾ, ಇಲ್ಲಾ ಇನ್ನೇನಾದ್ರೂನಾ?” ಎಂದೆ.

ಅಮ್ಮ ಕಿಟಕಿಯ ಕಡೆ ನೋಡುತ್ತ ಹೇಳಿದಳು. ಅಪ್ಪ ಹೋದ ಮರುವರ್ಷ ಲಾರಿ ಡ್ರೈವರೊಬ್ಬ ಬಂದಿದ್ದನಂತೆ, ಹಿಂದೆ ನಮ್ಮ ಒಲೆಯ ಗಿರಾಕಿ. ಅವನು ಈ ಊರಿನಲ್ಲಿ ಯಾವುದೋ ಹೋಟೆಲಿನಲ್ಲಿ ಹಂದಿ ತಿಂದನಂತೆ. ಥೇಟ್ ನಿಮ್ಮ ಒಲೆಯದ್ದೇ ರುಚಿ, ನಿಮ್ಮ ಮಗನೇ ಸುಟ್ಟ ಹಾಗಿತ್ತು ಎಂದನಂತೆ. ಹೋಟೆಲಿನ ಹೆಸರು ಮರೆತಿದ್ದನಂತೆ.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬೈತಿದ್ದೆ.”

ಬೈಯದೆ ಏನು ಮಾಡಲಿ. ಹೆತ್ತವರಿಗೆ ಹೆಗ್ಗಣ ಮುದ್ದು. ಆರು ವರ್ಷದಿಂದ ಇವಳ ಔಷಧಿ, ಇವಳ ಸ್ನಾನ, ಇವಳ ಬೆನ್ನು ತಿಕ್ಕುವುದು ನಾನು. ಇವಳು ನಾಲಿಗೆಯ ಮೇಲೆ ಹುಡುಕುತ್ತಿರುವುದು ಅವನನ್ನು.

ಕೋಣೆಗೆ ಬಂದು ಅಂಗಿಗಳನ್ನೆಲ್ಲ ಒಗೆದು ಹಾಕಿದೆ, ಒಗೆದದ್ದನ್ನೂ ಸೇರಿಸಿ.

ಮಾರ್ಚ್ 15, ಶನಿವಾರ

ಹೋಟೆಲು ಹುಡುಕುವುದು ಬಿಟ್ಟು ಮಾಂಸದ ಮಾರುಕಟ್ಟೆಗೆ ಹೋದೆ. ಬುದ್ಧಿ ಮೊದಲೇ ಬರಬೇಕಿತ್ತು. ಬಟ್ಟೆ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ದರ್ಜಿಯನ್ನಲ್ಲ, ಥಾನು ಮಾರುವವನನ್ನು ಕೇಳಬೇಕು.

ಎರಡು ಅಂಗಡಿಯವರು ಕೈಯಾಡಿಸಿಬಿಟ್ಟರು. ಮೂರನೆಯವನು ಕತ್ತಿ ಮಸೆಯುತ್ತ ಯೋಚಿಸಿ ಹೇಳಿದ: “ಚರ್ಮ ಸಮೇತ ಭುಜ ಕೇಳೋರು ಈಗ ಯಾರಿದ್ದಾರೆ? ಎಲ್ಲರಿಗೂ ಬೋನ್‌ಲೆಸ್ ಬೇಕು. ರೈಲ್ವೆ ಗೇಟಿನ ಆಚೆ ಒಬ್ಬಳು ಹೆಂಗಸು ತಗೊಂಡು ಹೋಗ್ತಾಳೆ. ವಾರದಲ್ಲಿ ಮೂರು ದಿನ. ಬೋರ್ಡುಗೀರ್ಡು ಇಲ್ಲ. ಮಾತೂ ಇಲ್ಲ.”

ಹೆಂಗಸು ಅಂದನಲ್ಲ. ಹಾಗಾದರೆ ಅವನಲ್ಲ. ನಾಳೆ ಭಾನುವಾರ, ನಾಡಿದ್ದು ಅಮ್ಮನಿಗೆ ಕರೆಂಟು ಕೊಡುವ ಸರದಿ. ಆಮೇಲೆ ನೋಡೋಣ.

ಅಂಗಡಿಯವನು ಭುಜವನ್ನು ಹೇಗೆ ಆರಿಸಬೇಕೆಂದು ತೋರಿಸಲು ಬಂದ. ನಾನೇ ಬೆರಳಿನಿಂದ ಒತ್ತಿ, ನೆಣದ ಪದರ ನೋಡಿ, ಬೇರೆಯದನ್ನು ತೋರಿಸಿದೆ. “ನಿಮ್ಮದು ಹೋಟೆಲಾ?” ಎಂದು ಕೇಳಿದ.

ಮಾರ್ಚ್ 18, ಮಂಗಳವಾರ

ಸಿಕ್ಕಿತು.

ರೈಲ್ವೆ ಗೇಟಿನ ಆಚೆ, ಟೈರಿನ ಅಂಗಡಿಗೂ ಗಿರಣಿಗೂ ನಡುವೆ ಒಂದು ತಗಡಿನ ಚಪ್ಪರ. ನಾಲ್ಕು ಮೇಜು. ಗೇಟು ದಾಟುವಾಗಲೇ ವಾಸನೆ ಬಂತು, ಬೂದಿ ಮುಚ್ಚಿದ ಸೀಬೆ ಕೆಂಡಕ್ಕೆ ನೆಣ ತೊಟ್ಟಿಕ್ಕುವ ವಾಸನೆ. ನನ್ನ ಕಾಲು ತಾನಾಗಿ ಬೇಗ ಬೇಗ ಹೋಯಿತು.

ಒಲೆಯ ಮುಂದೆ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಮೊಣಕೈವರೆಗೂ ಸುಟ್ಟ ಗುರುತು. ಕಂಬಿಯ ಮೇಲಿದ್ದ ಮಾಂಸದ ಚರ್ಮ ಓರೆಯಾಗಿ ಗೀರಿತ್ತು. ಊರಲ್ಲೆಲ್ಲ ಚೌಕಚೌಕವಾಗಿ ಗೀರುತ್ತಾರೆ. ಓರೆಗೆ ಕತ್ತರಿಸಿದ ಬಟ್ಟೆ ಹಿಗ್ಗುವ ಹಾಗೆ ಚರ್ಮವೂ ಹಿಗ್ಗುತ್ತದೆ ಎಂದು ಅಪ್ಪ ಒಬ್ಬನೇ ಓರೆಯಾಗಿ ಗೀರುತ್ತಿದ್ದ.

“ಹೀಗೆ ಗೀರೋದು ಯಾರು ಹೇಳ್ಕೊಟ್ರು?” ಎಂದೆ.

“ನಮ್ಮೆಜಮಾನ್ರು. ಹೊಳೆಯಾಚೆಯವರು.”

“ಎಲ್ಲಿದ್ದಾರೆ?”

ಅವಳು ಕಂಬಿ ತಿರುಗಿಸಿ, ಹುಳಿನೀರು ಸವರಿ, ಆಮೇಲೆ ಹೇಳಿದಳು. “ಹೋದ ವರ್ಷ ತೀರ್ಕೊಂಡ್ರು. ಜ್ವರ ಬಂತು. ಶ್ವಾಸಕೋಶಕ್ಕೆ ಇಳೀತು.”

ನಾನು ಬೆಂಚಿನ ಮೇಲೆ ಕೂತೆ. ಅವಳು ನನ್ನ ಮುಖವನ್ನೇ ನೋಡಿದಳು, ಬಹಳ ಹೊತ್ತು. ಅಪ್ಪನ ಮೂಗು ನನಗೂ ತಮ್ಮನಿಗೂ ಬಂದಿದೆ, ಹಣೆಯಿಂದ ನೇರವಾಗಿ ಇಳಿಯುವುದು.

“ಅತ್ತಿಗೆ?” ಎಂದಳು.

ನನ್ನನ್ನು ಯಾರೂ ಯಾವತ್ತೂ ಹಾಗೆ ಕರೆದಿರಲಿಲ್ಲ.

ಮಾರ್ಚ್ 19, ಬುಧವಾರ

ಅವಳು ಹೇಳಿದ್ದನ್ನು ಬರೆದಿಡುತ್ತೇನೆ.

ಅಪ್ಪ ಹೋದ ಸುದ್ದಿ ತಮ್ಮನಿಗೆ ತಿಂಗಳು ಕಳೆದ ಮೇಲೆ ಸಿಕ್ಕಿತಂತೆ. ಹೊಳೆ ದಾಟಿ ಬಂದನಂತೆ. ಒಲೆಯ ಜಾಗದಲ್ಲಿ ಬೇರೆಯವರ ಸಿಮೆಂಟು ಅಂಗಡಿ, ಬೇರೆ ಬೋರ್ಡು. ನಾವು ಆಗಲೇ ಮಾರಿ ಹಿಂದಿನ ಬೀದಿಗೆ ಹೋಗಿದ್ದೆವು. ಇವನು ಯಾರನ್ನೂ ಕೇಳಲಿಲ್ಲ. ಕೇಳಲು ಮುಖವಿರಲಿಲ್ಲ ಎಂದು ಇವಳ ಹತ್ತಿರ ಹೇಳಿದನಂತೆ. ಅದೇ ದೋಣಿಯಲ್ಲಿ ವಾಪಸ್ಸು ಬಂದ.

ಹಿಂದಿನ ಬೀದಿ. ಕರೆದರೆ ಕೇಳಿಸುವಷ್ಟು ದೂರ.

ಅವನು ಸತ್ತದ್ದು ಇದೇ ಆಸ್ಪತ್ರೆಯಲ್ಲಿ, ಕೆಳಗಿನ ಮಹಡಿಯಲ್ಲಿ. ಇವತ್ತು ಮೆಟ್ಟಿಲು ಹತ್ತುವಾಗ ಆ ಬಾಗಿಲ ಕಡೆ ನೋಡದೆ ಹತ್ತಿದೆ. ಇಳಿಯುವಾಗ ನೋಡಿದೆ. ಒಬ್ಬ ಆಯಾ ನೆಲ ಒರೆಸುತ್ತಿದ್ದಳು.

ಮಾರ್ಚ್ 20, ಗುರುವಾರ

ನಾದಿನಿ ಪೊಟ್ಟಣ ಕಟ್ಟಿ ಕೊಟ್ಟಳು, ಬಿಸಿ ಆರದ ಹಾಗೆ ಎರಡು ಸುತ್ತು. ಅಮ್ಮನಿಗೆ ದಿಂಬು ಏರಿಸಿ ಕೂರಿಸಿದೆ. ಚೂರು ಬಾಯಿಗೆ ಹಾಕಿದೆ. ಅಗಿಯುತ್ತ ಅಗಿಯುತ್ತ ಅವಳ ಕಣ್ಣು ತುಂಬಿತು.

“ಉಪ್ಪು ಕಮ್ಮಿ,” ಎಂದಳು. “ಅವನದು ಯಾವತ್ತೂ ಉಪ್ಪಿನ ಕೈ ಹಿಂದು. ಇದೇ. ಹೇಗಿದ್ದಾನೆ?”

ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿ, ನಿಜ ಹೇಳುವುದೆಂದು ತೀರ್ಮಾನಿಸಿಕೊಂಡೇ ಬಂದಿದ್ದೆ.

“ಚೆನ್ನಾಗಿದ್ದಾನೆ. ಸ್ವಲ್ಪ ದಪ್ಪ ಆಗಿದ್ದಾನೆ,” ಎಂದೆ.

“ನನ್ನ ಕೇಳಿದ್ನಾ?”

“ಮೊದಲು ಅದನ್ನೇ ಕೇಳಿದ.”

ಇನ್ನೂ ಎರಡು ಚೂರು ತಿಂದಳು. ಈ ಊರಿಗೆ ಬಂದ ಮೇಲೆ ಅವಳು ತಿಂದ ಮೊದಲ ಊಟ.

ಮಾರ್ಚ್ 24, ಸೋಮವಾರ

ಒಂದು ಸುಳ್ಳಿಗೆ ಅಂಗಿ ಹೊಲಿದರೆ ಆಯಿತೇ, ಅದಕ್ಕೆ ಲಂಗ ಬೇಕು, ಜೇಬು ಬೇಕು, ಗುಂಡಿ ಬೇಕು. ಹೋಟೆಲಿನಲ್ಲಿ ಕೆಲಸ ಜಾಸ್ತಿ, ಒಲೆ ಬಿಟ್ಟು ಏಳುವ ಹಾಗಿಲ್ಲ ಎಂದೆ. ಮದುವೆಯಾಗಿದೆ ಎಂದೆ. ಅದೊಂದು ನಿಜ ಹೇಳುವಾಗಲೇ ನನ್ನ ದನಿ ನಡುಗಿದ್ದು.

ಅಮ್ಮ ಪಕ್ಕದ ಮಂಚದವರಿಗೆಲ್ಲ ಹೇಳಿಬಿಟ್ಟಿದ್ದಾಳೆ. “ನಮ್ಮ ಹುಡುಗನದ್ದು ಇಲ್ಲೇ ಹೋಟೆಲು. ನಾಲ್ಕು ಮೇಜು. ಅವರಪ್ಪ ಬೇಡ ಅಂದ್ರೂ ಮಾಡೇಬಿಟ್ಟ.” ದೊಡ್ಡ ಸಿಸ್ಟರು ನನ್ನನ್ನು ನೋಡಿ ನಕ್ಕು, “ನಮಗೂ ಒಂದು ದಿನ ಊಟ ಹಾಕ್ಸಿ,” ಎಂದರು.

“ಅವನಿಗೆ ಆಗದಿದ್ರೆ ಬೇಡ,” ಎಂದಳು ಅಮ್ಮ ಸಂಜೆ. “ಸೊಸೇನಾದ್ರೂ ಕಳಿಸ್ಲಿ. ಒಂದ್ಸಲ ನೋಡ್ತೀನಿ.”

ಅವಳ ದನಿ ಸಣ್ಣದಾಗುತ್ತಿದೆ. ಬಾಗಿ ಕೇಳಬೇಕು.

ಮಾರ್ಚ್ 27, ಗುರುವಾರ

ನಾದಿನಿ ಬಂದಳು. ಬರುವುದಿಲ್ಲ ಎಂದೇ ಮೊದಲು ಹೇಳಿದ್ದಳು. “ಅವರ ಮುಂದೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ ಅತ್ತಿಗೆ.” ನಾನು ಬೇಡಿಕೊಂಡೆ. ಏನೂ ಹೇಳಬೇಡ, ಸುಮ್ಮನೆ ಕೂತು ಬಾ ಎಂದೆ.

ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆಗೆ ನೀರು ಹಾಕಿ ಬಾಚಿಕೊಂಡು ಬಂದಿದ್ದಳು. ಆದರೂ ಹೊಗೆಯ ವಾಸನೆ ಹೋಗಿರಲಿಲ್ಲ. ಅಮ್ಮ ಆ ವಾಸನೆಗೇ ಕಣ್ಣು ಬಿಟ್ಟಳು. ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನಿನ್ನ ತವರು ಯಾವುದು, ತಂದೆ ತಾಯಿ ಇದ್ದಾರಾ, ಎಲ್ಲ ಕೇಳಿದಳು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು.

“ಜಗಳ ಆಡ್ತಾನಾ?”

“ಇಲ್ಲ ಅತ್ತೆ.”

“ಸುಳ್ಳು. ಅವರಪ್ಪನ ಕೋಪವೇ ಅವನಿಗೂ. ನಿನ್ನ ಏನಂತ ಕರೀತಾನೆ?”

ನಾದಿನಿ ತಲೆ ತಗ್ಗಿಸಿ ಸ್ವಲ್ಪ ನಕ್ಕಳು. “ಮಹಾರಾಣಿ ಅಂತಿದ್ರು,” ಎಂದಳು.

“ಅಂತಿದ್ರಾ?”

ನಾದಿನಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅಮ್ಮ ಅವಳ ಕೈಯನ್ನು ಮಗುಚಿ, ಸುಟ್ಟ ಗುರುತುಗಳ ಮೇಲೆ ಬೆರಳಾಡಿಸಿದಳು, ಒಂದೊಂದರ ಮೇಲೂ.

“ನೀನೇ ಸುಟ್ಟಿದ್ದಾ ಅದು?”

“ಹೂಂ ಅತ್ತೆ.”

“ಯಾವಾಗ ಹೋದ?”

“ಹೋದ ವರ್ಷ.”

ಅಮ್ಮ ಅಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಮಲಗಿದಳು, ಹಿಡಿದ ಕೈ ಬಿಡದೆ. ಬಹಳ ಹೊತ್ತಾದ ಮೇಲೆ ಈ ಕಡೆ ತಿರುಗಿ, “ಊಟ ಮಾಡಿದ್ಯೇನಮ್ಮ ನೀನು?” ಎಂದು ಅವಳನ್ನು ಕೇಳಿದಳು. ಇಲ್ಲವೆಂದು ಗೊತ್ತಾದಾಗ ನನಗೆ, “ಏನಾದ್ರೂ ತಂದು ಕೊಡೇ ಮಗುಗೆ,” ಎಂದಳು.

ನಾದಿನಿ ಹೋದ ಮೇಲೆ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹೊರಗೇ ನಿಂತಿದ್ದೆ. ಎಷ್ಟು ಹೊತ್ತು ನಿಲ್ಲಲಿ. ಒಳಗೆ ಬಂದೆ. ಅಮ್ಮ ಎಚ್ಚರವಾಗಿದ್ದಳು.

“ಇಷ್ಟು ದಿನ ಒಬ್ಬಳೇ ಹೊತ್ಕೊಂಡು ತಿರುಗಿದ್ಯಲ್ಲೇ,” ಎಂದಳು.

ಬೈಗುಳಕ್ಕೆ ತಯಾರಾಗಿದ್ದೆ. ಇದಕ್ಕೆ ಆಗಿರಲಿಲ್ಲ.

ಮಾರ್ಚ್ 30, ಭಾನುವಾರ

ನಾದಿನಿ ದಿನಾ ಬರುತ್ತಾಳೆ. ಹಂದಿ ತರುವುದಿಲ್ಲ ಈಗ, ಅಮ್ಮನಿಗೆ ನೀರೂ ಕಷ್ಟ. ಹುಳಿನೀರಿಗೆ ಅದ್ದಿದ ಹತ್ತಿಯನ್ನು ತುಟಿಗೆ ಸವರುತ್ತಾಳೆ. ಅಮ್ಮ ನಾಲಿಗೆ ಚಾಚುತ್ತಾಳೆ.

ಇವತ್ತು ಇಬ್ಬರನ್ನೂ ಹತ್ತಿರ ಕರೆದು ಹೇಳಿದಳು. “ನನ್ನ ಊರಿಗೆ ಹೊತ್ಕೊಂಡು ಹೋಗ್ಬೇಡಿ. ಆ ಹುಡುಗ ಇಲ್ಲಿ ಒಬ್ಬನೇ ಇದ್ದಾನೆ.”

ಏಪ್ರಿಲ್ 2, ಬುಧವಾರ

ಬೆಳಗಿನ ಕಾಫಿ ತರಲು ಇಳಿದಿದ್ದೆ. ಬರುವಷ್ಟರಲ್ಲಿ ದೊಡ್ಡ ಸಿಸ್ಟರು ಪರದೆ ಎಳೆದಿದ್ದರು.

ಏಪ್ರಿಲ್ 3, ಗುರುವಾರ

ತಮ್ಮನ ಪಕ್ಕದಲ್ಲಿ ಜಾಗ ಸಿಗಲಿಲ್ಲ. ಅದೇ ಸಾಲಿನ ಕೊನೆಯಲ್ಲಿ ಸಿಕ್ಕಿತು. ಅವನ ಮೇಲಿನ ಮಣ್ಣಿನಲ್ಲಿ ಹುಲ್ಲು ಬಂದಿದೆ. ಅಮ್ಮನದು ಇನ್ನೂ ಹಸಿ. ನಾದಿನಿ ಎರಡೂ ಕಡೆ ನೀರು ಚಿಮುಕಿಸಿದಳು. ನಾನು ಇಬ್ಬರ ನಡುವಿನ ದಾರಿಯಲ್ಲಿ ಹೋಗಿ ಬಂದು ಮಾಡಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಅಪ್ಪ ಹೋದಾಗ ಬರದಿದ್ದುದಕ್ಕೆ ಅವನಿಗೆ ಹೇಳಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಒಂದೂ ನೆನಪಾಗಲಿಲ್ಲ. “ಅಮ್ಮ ಬಂದ್ಳು ಕಣೋ,” ಎಂದೆ, ಅಷ್ಟೇ.

ಏಪ್ರಿಲ್ 11, ಶುಕ್ರವಾರ

ಆಸ್ಪತ್ರೆಯ ಹಿಂದಿನ ಕೋಣೆ ಬಿಟ್ಟು ನಾದಿನಿಯ ಮನೆಯಲ್ಲಿದ್ದೇನೆ, ಹೊರಡುವವರೆಗೆ ಎಂದು. ಚಪ್ಪರದ ಹಿಂದೆ ಒಂದೇ ಕೋಣೆ. ಊರಿನ ಟಿಕೆಟ್ಟನ್ನು ಮತ್ತೆ ಮುಂದಕ್ಕೆ ಹಾಕಿಸಿದೆ. ಶಾಲೆಯವರು ಫೋನು ಮಾಡಿದ್ದರು. ಬೇರೆಯವರಿಗೆ ಕೊಡುವುದಾದರೆ ಕೊಡಿ ಎಂದೆ.

ಇವತ್ತು ಒಲೆಯ ಮುಂದೆ ಕೂತಿದ್ದಾಗ ನಾದಿನಿ, “ಚಿಕ್ಕವರಾಗಿದ್ದಾಗ ಹೇಗಿದ್ರು?” ಎಂದು ಕೇಳಿದಳು. ಅವಳ ಹತ್ತಿರ ಅವನ ಹಳೆಯ ಫೋಟೋ ಒಂದೂ ಇಲ್ಲ. ಹೇಳತೊಡಗಿದೆ. ಹೊಳೆಯಲ್ಲಿ ಈಜು ಕಲಿಯುತ್ತೇನೆಂದು ಹೋಗಿ, ಚಡ್ಡಿ ನೀರುಪಾಲಾಗಿ, ಕತ್ತಲಾಗುವವರೆಗೂ ನೀರಿನಲ್ಲೇ ಕೂತಿದ್ದದ್ದು. ನಾನು ನನ್ನ ಲಂಗ ಒಯ್ದು ಕೊಟ್ಟದ್ದು. ಅದನ್ನು ಉಟ್ಟುಕೊಂಡು ಬೀದಿಯಲ್ಲಿ ರಾಜನ ಹಾಗೆ ನಡೆದು ಬಂದದ್ದು. ನಾದಿನಿ ನಗತೊಡಗಿದಳು. ನಿಲ್ಲಿಸಲಾಗದೆ ಹೊಟ್ಟೆ ಹಿಡಿದುಕೊಂಡಳು. ನನಗೂ ನಗು ಬಂತು. ಆಮೇಲೆ ಅವಳು ಹೇಳಿದಳು, ಅವನು ಈ ಚಪ್ಪರ ಹಾಕಿದ ಮೊದಲ ದಿನ ಒಬ್ಬ ಗಿರಾಕಿಯೂ ಬರದೆ, ನಾಲ್ಕೂ ಮೇಜಿಗೆ ಇವಳನ್ನೇ ಒಂದೊಂದು ಸಲ ಕೂರಿಸಿ ಊಟ ಬಡಿಸಿದ್ದನ್ನು. ಹೇಳುತ್ತ ಹೇಳುತ್ತ ಅವಳ ನಗು ಎಲ್ಲೋ ಅಳುವಾಯಿತು. ನನ್ನದೂ.

ಚರ್ಮಕ್ಕೆ ಜೋರು ಉರಿ ಕೊಟ್ಟಿದ್ದನ್ನು ಇಬ್ಬರೂ ಮರೆತಿದ್ದೆವು. ಹೊಗೆ ಕಣ್ಣಿಗೆ ಬಂದಾಗಲೇ ನೋಡಿದ್ದು. ಅಷ್ಟೂ ಮಾಂಸ ಕರಿ.

ಬಂದ ಗಿರಾಕಿಗಳಿಗೆ ಇವತ್ತಿಲ್ಲ ಎಂದು ಹೇಳಿ ಕಳಿಸಿದೆವು. ಸುಟ್ಟದ್ದನ್ನು ಕೆತ್ತಿ, ಒಳಗೆ ಉಳಿದದ್ದನ್ನು ಒಂದೇ ತಟ್ಟೆಗೆ ಹಾಕಿಕೊಂಡು ಇಬ್ಬರೇ ತಿಂದೆವು. ಕಹಿಯಾಗಿತ್ತು. ಮುಗಿಸಿದೆವು.

ಬೆಳಿಗ್ಗೆ ಮಾರುಕಟ್ಟೆಗೆ ನಾನೇ ಹೋಗುತ್ತೇನೆ ಎಂದಿದ್ದೇನೆ. ಅವಳಿಗೆ ಎಲ್ಲ ಬರುತ್ತದೆ, ಭುಜ ಆರಿಸುವುದೊಂದು ಬರುವುದಿಲ್ಲ.